ವೇಜ್‌ಗೂಸ್ ಎಂಬ ಊಟ

೧
ಎಲ್ಲಿಂದ ಶುರುಮಾಡಲಿ, ಹೇಳಿ? ಪದದಿಂದ ಶುರುಮಾಡೋಣವೆಂದರೆ ಆ ಪದಕ್ಕೇ ಶುರುವಿಲ್ಲ. ವೇಜ್‌ಗೂಸ್. ಬಳಕೆ ತಪ್ಪಿದ ಇಂಗ್ಲಿಷ್ ಪದ. ಹಿಂದೆ ಇಂಗ್ಲೆಂಡಿನಲ್ಲಿ ಆಗಸ್ಟ್ ಕೊನೆಗೆ ಅಚ್ಚಿನ ಪ್ರೆಸ್ಸಿನ ಯಜಮಾನ ಕೆಲಸಗಾರರಿಗೆ ಹಾಕಿಸುತ್ತಿದ್ದ ಊಟ. ಅದು ಮುಗಿದರೆ ಹಗಲು ಗಿಡ್ಡವಾಯಿತೆಂದೇ ಲೆಕ್ಕ. ಅಲ್ಲಿಂದಾಚೆ ಮೇಣದಬತ್ತಿ ಬೆಳಕಿನಲ್ಲಿ ಕೆಲಸ. ಗೂಸ್ ಅಂದರೆ ಹೆಬ್ಬಾತು, ಹಕ್ಕಿ. ಊಟಕ್ಕೆ ಅದರ ಮಾಂಸ ಬಡಿಸುತ್ತಿದ್ದರು, ಅದಕ್ಕೇ ಈ ಹೆಸರು ಎನ್ನುತ್ತಾರೆ ಕೆಲವರು. ಪುರಾವೆ ಕೇಳಿದರೆ ಡಿಕ್ಷನರಿಗಳು ತಲೆ ಕೆರೆದುಕೊಳ್ಳುತ್ತವೆ. (ನನ್ನ ಹಾಗೆಯೇ.)

೨
ಮೇಲಿನ ಡ್ರಾಫ್ಟ್ ಬೇಡ, ಪಾಠದ ವಾಸನೆ ಹೊಡೆಯುತ್ತಿದೆ.

ಎಪ್ಪತ್ತೊಂದನೇ ಇಸವಿ, ಬೊಂಬಾಯಿಯ ಬೈಕುಲ್ಲಾ. ಒಂದು ಸಣ್ಣ ಪ್ರೆಸ್ಸು. ವಿಜಾಪುರದ ಕಡೆಯ ಮೌಲಾಲಿ ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್. ಎಲ್ಲೋ ಆ ಪದ ಓದಿ ಮರುಳಾದ ಮುದಿ ಸೇಠ್, ಪ್ರತಿ ಆಗಸ್ಟಿನಲ್ಲೂ ಎಲ್ಲರನ್ನೂ ಟ್ರಕ್ಕಿನಲ್ಲಿ ಪವಾಯಿ ಕೆರೆಗೆ ಕರೆದೊಯ್ದು ಬಿರಿಯಾನಿ ಹಾಕಿಸುತ್ತಾನೆ. ಈ ವರ್ಷ ಕೆಲಸಗಾರರ ಹೆಂಡತಿಯರನ್ನೂ ಕರೆದಿದ್ದಾನೆ. ಮೌಲಾಲಿಗೆ ಅದೇ ಫಜೀತಿ. (ಓದುಗರೇ, ಅವನ ಕಣ್ಣು ಮಂಜಾಗುತ್ತಿದೆ. ಮೊಳೆಗಳನ್ನು ಬೆರಳಿನಿಂದ ತಡವಿ ದಿನ ದೂಡುತ್ತಿದ್ದಾನೆ. ಹೆಂಡತಿಗೂ ಹೇಳಿಲ್ಲ.)

"ಸಾಹೇಬ್ರ, ಆ ಮಾತ್ಯಾಕ ಬರದ್ರಿ?" ಮೌಲಾಲಿ ನನ್ನ ಮೇಲೆ ರೇಗಿದ. "ಸೇಠ್‌ಗ ಗೊತ್ತಾದ್ರ ನೌಕರಿ ಹೋಗ್ತೈತಿ. ನಮ್ಮ ಸುಗರಾಗಂತೂ ಗೊತ್ತಾಗಲೇಬಾರ್ದು, ಎದಿ ಒಡಕೋತಾಳ."

"ಬರೆಯದಿದ್ದರೆ ಕಥೆ ಎಲ್ಲಿಂದ ಬರಬೇಕಪ್ಪ?"

"ಬಿರಿಯಾನಿದು ಬರೀರಿ."

೩
(ಹರಿದು ಹಾಕಿದೆ. ಬರೀ ಬಿರಿಯಾನಿಯಿತ್ತು.)

೪
ಊಟವಾಯಿತು. ಮಳೆ ಬಿಟ್ಟಿತ್ತು. ಮೌಲಾಲಿಗೆ ನೀರು, ಮುಗಿಲು, ಆಚೆಯ ಗುಡ್ಡ ಎಲ್ಲವೂ ಒಂದೇ ಹಾಲಿನಲ್ಲಿ ಕದಡಿದಂತೆ ಕಾಣುತ್ತಿತ್ತು. ಹಿತವಾಗಿತ್ತು. ಹೀಗೇ ಇದ್ದುಬಿಟ್ಟರಾಯಿತು ಅನ್ನಿಸಿತು. ಸುಗರಾ ಬಂದು ಪಕ್ಕದಲ್ಲಿ ಕೂತಳು.

"ಅಜೀ, ಆ ಕೆಂಪು ದೋಣಿ ನೋಡ್ರಿ, ಎಷ್ಟ ಚಂದ ಹೊಂಟೈತಿ."

"ಹೌದಲ್ಲ, ಭಾಳ ಚಂದೈತಿ," ಅಂದ ಮೌಲಾಲಿ.

ಕೆರೆಯಲ್ಲಿ ದೋಣಿ ಇರಲಿಲ್ಲ.

ಸುಗರಾ ಅವನ ಕೈ ಹಿಡಿದುಕೊಂಡಳು. ಸಿಕ್ಕಿಬಿದ್ದೆನೆಂದು ಅವನಿಗೆ ಗೊತ್ತಾಯಿತು.

೫
ಪೆನ್ನು ನನ್ನ ಕೈಲೇ ಇದೆ. ಒಂದು ಕೆಂಪು ದೋಣಿ ಇಳಿಸಿಬಿಡುವುದು ಎಷ್ಟರ ಕೆಲಸ? ಅವನ ಸುಳ್ಳು ನಿಜವಾಗುತ್ತದೆ. ಬೇಕಾದರೆ ಇನ್ನೊಂದು ಕೊನೆ: ಸೇಠ್ ಅವನ ಕಣ್ಣಿನ ಆಪರೇಷನ್ ಮಾಡಿಸುತ್ತಾನೆ. (ಆ ಸೇಠ್ ಅಂಥವನಲ್ಲ.)

"ದೋಣಿ ಬಿಡಬ್ಯಾಡ್ರಿ ಸಾಹೇಬ್ರ," ಸುಗರಾ ನನ್ನತ್ತ ತಿರುಗಿದಳು. "ದೋಣಿ ಬಂತಂದ್ರ ಇವ್ರು ಮತ್ತ ಬಾಯಿ ಮುಚಗೋತಾರ. ಎಷ್ಟಂತ ಇದನ್ನ ಒಬ್ರ ಹೊತಗೊಂಡು ತಿರಗತಾರ?"

ದೋಣಿಯ ಸಾಲು ಹೊಡೆದುಹಾಕಿದೆ. ಮೌಲಾಲಿ, "ಸುಗರಾ..." ಅಂದ.

ನಾನು ಪೆನ್ನಿಗೆ ಕ್ಯಾಪು ಹಾಕಿದೆ. ಅವನು ಹೇಳುವುದು ಅವಳಿಗೆ. ನೀವೂ ಸ್ವಲ್ಪ ಆಚೆ ತಿರುಗಿ.