ಒಂದೂವರೆ ಗೇಣು

“ಕುಡಿದಿದ್ದ ಅಂತ ಬರ್ಕೊಳ್ಳಲಾ, ಇಲ್ಲಾ ನೀನೇ ಕೊಂದೆ ಅಂತ ಬರ್ಕೊಳ್ಳಲಾ? ಬೇಗ ಬಾಯ್ಬಿಡಮ್ಮ. ನಿನ್ನ ಮುಖ ನೋಡ್ಕೊಂಡು ಕೂರೋಕೆ ನನಗೆ ಸಂಬಳ ಕೊಡ್ತಿಲ್ಲ.”

ಕರೆಂಟು ಕಂಪನಿಯ ಸಾಹೇಬ ಹಾಲ್ಪಿನ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. ಎದುರಿಗೆ ಫಿಲೋಮೆನ್ ನಿಂತಿದ್ದಳು. ಮೂರು ದಿನದಿಂದ ಬಂದು ಹೀಗೇ ನಿಲ್ಲುತ್ತಿದ್ದಳು. ಕೂರು ಅಂದವರಿಲ್ಲ.

ಆ ಕೋಣೆ ಹಿಂದೆ ತುಪ್ಪಳ ಕೊಳ್ಳುವ ವ್ಯಾಪಾರಿಗಳ ಕೋಠಿಯಾಗಿತ್ತು. ಮಸ್ಕ್ವಾ ಕೊಲ್ಲಿಯ ಮೂಲನಿವಾಸಿಗಳಾದ ಕ್ರೀ ಜನ ಇನ್ನೂರು ವರ್ಷ ಬೀವರ್ ಎಂಬ ನೀರುಪ್ರಾಣಿಯ ಚರ್ಮ ಸುಲಿದು ತಂದು ವ್ಯಾಪಾರದ ಇದೇ ಹಲಗೆಯ ಮುಂದೆ ಕೈಕಟ್ಟಿ ನಿಂತಿದ್ದರು. ಬೀವರು ಮುಗಿಯಿತು, ಕೋಠಿಯವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಆಮೇಲೆ ಹೊಳೆಯ ಕೆಳಹರಿವಿನಲ್ಲಿ ಅಣೆಕಟ್ಟು ಬಂತು. ಊರ ಮುಂದಿನ ಸರೋವರ ಉಬ್ಬಿ ಅದರ ನಡುವಿನ ದ್ವೀಪದ ಮೇಲಿದ್ದ ಗೋರಿಗಳನ್ನೆಲ್ಲ ನುಂಗಿತು. ಕರೆಂಟು ದಕ್ಷಿಣದ ಪಟ್ಟಣಗಳಿಗೆ ಹೋಯಿತು, ಊರಿಗೆ ಮಾತ್ರ ಸೀಮೆಎಣ್ಣೆಯೇ ಗತಿಯಾಯಿತು. ಈಗ ಕಂಪನಿ ದೊಡ್ಡ ಮನಸ್ಸು ಮಾಡಿ ಕೋಠಿಗೆ ಸುಣ್ಣ ಬಳಿಸಿ, ಕಿಟಕಿಗೆ ಹೊಸ ಗಾಜು ಹಾಕಿಸಿ ವಸ್ತುಸಂಗ್ರಹಾಲಯ ಮಾಡಿಸುತ್ತಿತ್ತು. ಗೋಡೆಗೊಂದು ಭೂಪಟ ತೂಗುಹಾಕಿದ್ದರು. ಆ ಭೂಪಟದಲ್ಲಿ ಸರೋವರದ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಫಿಲೋಮೆನ್‌ಳ ಗಂಡ ಓನೆಸಿಮ್ ಬಲೆ ಎತ್ತಿ ಬರುತ್ತೇನೆಂದು ಹೋದವನು ಸರೋವರ ಕಿರಿದಾಗುವ ಇಕ್ಕಟ್ಟಿನಲ್ಲಿ ಮಂಜುಗಡ್ಡೆ ಕುಸಿದು ಒಳಗೆ ಹೋಗಿದ್ದ. ತೂತಿನ ಅಂಚಿನಲ್ಲಿ ಅವನ ಟೋಪಿ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಕೆಳಗೆ ಅಣೆಕಟ್ಟಿನ ಬಾಗಿಲು ತೆರೆದಿದ್ದರಿಂದ ನೀರಿನ ಸೆಳೆತ ಜೋರಾಗಿತ್ತು. ಬಾಗಿಲು ಹಾಕುವವರೆಗೆ ಆ ಕಡೆ ಯಾರೂ ಕಾಲಿಡಕೂಡದು, ಕಾಗದಕ್ಕೆ ಸಹಿ ಬೀಳುವವರೆಗೆ ಬಾಗಿಲು ಹಾಕುವುದಿಲ್ಲ ಎಂದು ಸಾಹೇಬ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ತೂತಿನ ಸುತ್ತ ಕೆಂಪು ಹಗ್ಗ ಕಟ್ಟಿಸಿ, ಕಾವಲಿಗೆ ಓನೆಸಿಮ್‌ನ ತಮ್ಮ ಮಾರಿಯಸ್‌ನನ್ನೇ ಇಟ್ಟಿದ್ದ. ಮಾರಿಯಸ್ ಕಂಪನಿಯ ಕೂಲಿ. ಊರಲ್ಲಿ ಬೇರೆ ಕೂಲಿ ಕೆಲಸ ಇರಲಿಲ್ಲ.

“ನನ್ ಗಂಡ ಹನ್ನೊಂದು ವರ್ಸದಿಂದ ಒಂದ್ ತೊಟ್ಟು ಮುಟ್ಟಿಲ್ಲ, ಸಾಮಿ.”

“ಸರಿ, ಕುಡಿದಿರಲಿಲ್ಲ. ಹಾಗಾದ್ರೆ ಆ ದಾರಿಗೆ ಕೊಂಬೆ ನೆಟ್ಟೋರ್ಯಾರು?”

“ನಾನು.”

“ನೋಡು ಮತ್ತೆ! ತೆಳ್ಳನೆ ಮಂಜುಗಡ್ಡೆ ಮೇಲೆ ಕೊಂಬೆ ನೆಟ್ಟು ಗಂಡನ್ನ ಸಾಯಿಸಿದ್ದೀಯ.”

ಸರೋವರ ಹೆಪ್ಪುಗಟ್ಟಿದೊಡನೆ ಯಾರಾದರೊಬ್ಬರು ಹಾರೆ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವುದು ಆ ಊರಿನ ಪದ್ಧತಿ. ಹತ್ತು ಹೆಜ್ಜೆಗೊಮ್ಮೆ ಮೂರು ಪೆಟ್ಟು ಹಾಕಿ, ಸದ್ದು ಕೇಳಿ, ಬಣ್ಣ ನೋಡಿ, ನೀರು ಒಸರದಿದ್ದರೆ ಅಲ್ಲೊಂದು ಸ್ಪ್ರೂಸ್ ಮರದ ಕೊಂಬೆ ನೆಡಬೇಕು. ಕೊಂಬೆ ಕಂಡ ಮೇಲೆ ಹಿಂದೆ ಬರುವವರು ಮತ್ತೆ ಕುಟ್ಟಿ ನೋಡುವುದಿಲ್ಲ. ನೋಡಿದರೆ ನೆಟ್ಟವರ ಮುಖಕ್ಕೆ ಉಗಿದ ಹಾಗೆ. ಈ ಸಲ ನೆಟ್ಟವಳು ಫಿಲೋಮೆನ್. ಇಕ್ಕಟ್ಟಿನಲ್ಲಿ ಒಂದೂವರೆ ಗೇಣು ದಪ್ಪ ಇದ್ದದ್ದನ್ನು ಕೈಯಾರೆ ಅಳೆದಿದ್ದಳು. ಓನೆಸಿಮ್ ಹೆಂಡತಿಯ ಕೊಂಬೆ ನಂಬಿ, ಮೀನು ಹೇರಿದ ಎಂಜಿನ್ ಹಿಮಬಂಡಿ ಓಡಿಸಿಕೊಂಡು ಬಂದಿದ್ದ.

“ತೆಳ್ಳಗಿರ್ನಿಲ್ಲ ಸಾಮಿ, ಒಂದೂವರೆ ಗೇಣಿತ್ತು. ನಾನು ನೆಟ್ಟಾದ್ ಮ್ಯಾಲೆ ನೀವು ಬಾಗ್ಲು ತೆಗ್ದು ನೀರು ಇಳ್ಸಿದ್ರಿ. ಅಡೀಲಿ ನೀರಿಲ್ದಿದ್ರೆ ಮ್ಯಾಗ್ಳ ಮಂಜುಗಡ್ಡೆ ಯಾವುದ್ರ ಮ್ಯಾಲೆ ನಿಂತ್ಕಬೇಕು?”

“ನೀರಿನ ವಿಷಯ ಈ ಕಾಗದದಲ್ಲಿ ಇಲ್ಲ. ಇರೋದು ಎರಡೇ ಸಾಲು. ಒಂದು ಆರಿಸ್ಕೋ, ಬಾಗಿಲು ಹಾಕಿಸ್ತೀನಿ, ಹೆಣ ತಗೊಂಡು ಹೋಗು.”

ಕಾವಲು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ಮಾರಿಯಸ್ ಅವಳ ಕಿವಿಯ ಹತ್ತಿರ ಬಂದ. “ಅತ್ಗೆ, ಕುಡ್ದಿದ್ದ ಅಂದ್ಬುಡು. ನಿನ್ ಹೆಸ್ರಿಗ್ಯಾಕೆ ಮಸಿ? ಸತ್ತೋನ್ಗೆ ಏನಾಗ್ತದೆ?”

“ಸತ್ತೋನು ಬಾಯ್ಬುಡಾಕಾಗಕಿಲ್ವಲ್ಲ ಕಣ್ಲಾ. ಅದ್ಕೇಯ.” ಅವಳು ಸಾಹೇಬನ ಕಡೆ ತಿರುಗಿದಳು. “ನಾನೇ ಅಂತ ಬರ್ಕೋ.”

ಕ್ರೀ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅಜ್ಜಿ ಕಲಿಸಿದ ಮುದ್ದಾದ ಅಕ್ಷರ. ಹಾಲ್ಪಿನ್ ಕಾಗದವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ನಕ್ಕ.

“ಇದೇನು, ಕೋಳಿ ಕೆದಕಿದ ಹಾಗಿದೆ? ಹೆಬ್ಬೆಟ್ಟು ಒತ್ತು.”

ಬರೆದ ಹೆಸರಿನ ಮೇಲೆಯೇ ಹೆಬ್ಬೆಟ್ಟು ಒತ್ತಿಸಿಕೊಂಡ.

ಮರುದಿನ ಬೆಳಿಗ್ಗೆ ಆರು ತಾಸಿನ ಮಟ್ಟಿಗೆ ಅಣೆಕಟ್ಟಿನ ಬಾಗಿಲು ಹಾಕಿದರು. ಊರಿನವರು ಕೊಡಲಿ ಹಾರೆ ಹಿಡಿದು ಇಕ್ಕಟ್ಟಿಗೆ ಹೋದರು. ತೂತಿನೊಳಗೆ ಕೊಕ್ಕೆ ಇಳಿಬಿಟ್ಟು ಜಾಲಾಡಿದರೆ ಹಿಮಬಂಡಿ ಸಿಕ್ಕಿತು, ಓನೆಸಿಮ್ ಸಿಗಲಿಲ್ಲ. ಊರಿನವರ ಜೊತೆ ಬಂದಿದ್ದ ಅವನ ನಾಯಿಗಳು ಮಾತ್ರ ತೂತಿನ ಕಡೆ ತಿರುಗಿಯೂ ನೋಡದೆ ಮೂವತ್ತು ಹೆಜ್ಜೆ ಆಚೆ, ದಡದ ಹತ್ತಿರ ಓಡಿಹೋಗಿ ಗಟ್ಟಿ ಮಂಜುಗಡ್ಡೆಯನ್ನು ಕೆರೆಯತೊಡಗಿದವು.

ಮಾರಿಯಸ್ ನಾಯಿಗಳ ಹಿಂದೆಯೇ ಓಡಿದ. “ಮೊದಲ್ನೇ ದಿನಾನೂ ಇಲ್ಲೇ ಕೆರೀತಿದ್ವು ಅತ್ಗೆ. ಬೊಗಳಿ ಬೊಗಳಿ ಪ್ರಾಣ ತಿಂತಿದ್ವು. ಸಾಹೇಬ ಓಡ್ಸು ಅಂದ. ನಾನೇ ದೊಣ್ಣೆ ತಕ್ಕಂಡು ಓಡಿಸ್ದೆ.”

ಅಲ್ಲಿ ಕಡಿದರು. ಕೊಡಲಿ ತಳ ಮುಟ್ಟಿದಾಗ ನೀರು ಚಿಮ್ಮಲಿಲ್ಲ. ನೀರು ಇಳಿದುಹೋಗಿ ಒಳಗೆ ಬರೀ ಪೊಳ್ಳು, ಆಳು ಬಗ್ಗಿ ನಿಲ್ಲುವಷ್ಟು ಎತ್ತರದ ಕತ್ತಲೆ. ಬಂಡೆಯೊಂದರ ಮೇಲೆ ಓನೆಸಿಮ್ ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದ. ಕಲ್ಲಿನಂತೆ ಸೆಟೆದಿದ್ದ. ಕೈಯಲ್ಲಿ ಚರ್ಮ ಸುಲಿಯುವ ಚಾಕು, ಅದರ ತುದಿ ಮುರಿದಿತ್ತು. ತಲೆಯ ಮೇಲಿನ ಮಂಜುಗಡ್ಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಕೊರೆದ ಗುಂಡಿಯಿತ್ತು, ಅಂಗೈ ಹೂತು ಹೋಗುವಷ್ಟು ಆಳ. ಅರ್ಧ ಕೊರೆದಿದ್ದ.

ಅವನು ಮುಳುಗಿ ಸತ್ತಿರಲಿಲ್ಲ, ಒಳಗೊಳಗೇ ದಡದ ಕಡೆ ತೆವಳಿ ಬಂದಿದ್ದ. ಮೊದಲ ದಿನ ನಾಯಿಗಳು ಕೆರೆದಾಗ ಇನ್ನೂ ಬದುಕಿಯೇ ಇದ್ದಿರಬೇಕು. ಮಾರಿಯಸ್ ಅಲ್ಲೇ ಕುಕ್ಕರಿಸಿ ಅತ್ತ.

ಫಿಲೋಮೆನ್ ಅವನ ತೋಳು ಹಿಡಿದು ಎಬ್ಬಿಸಿದಳು. “ಅತ್ತಿದ್ದು ಸಾಕು, ಏಳ್ಲಾ,” ಅಂದಳು. “ಆ ಗುಂಡಿ ಸುತ್ತ ಚೌಕಾಗಿ ಕಡಿ. ಒಡೀಬ್ಯಾಡ.”

ಓನೆಸಿಮ್‌ನನ್ನು ಜಾರುಬಂಡಿಯ ಮೇಲೆ ಮಲಗಿಸಲು ಆಗಲಿಲ್ಲ, ಕೂತ ಹಾಗೆಯೇ ಕಟ್ಟಿದರು. ಕೋಠಿಯ ಬಾಗಿಲ ಮುಂದೆ ಅವನನ್ನು ಬಿಟ್ಟು, ಅತ್ತಿಗೆ ಮೈದುನ ಇಬ್ಬರೂ ಚೌಕಾಗಿ ಕಡಿದ ಮಂಜುಗಡ್ಡೆಯನ್ನು ಹೊತ್ತು ತಂದು ಹಲಗೆಯ ಮೇಲೆ ಸಾಹೇಬನ ಕಾಗದಗಳ ಪಕ್ಕಕ್ಕೆ ದಬ್ಬನೆ ಇಟ್ಟರು.

“ಅಳೆ ಸಾಮಿ.”

“ಏನಿದು ಗಲೀಜು?”

“ತೆಳ್ಳಗಿತ್ತು ಅಂತ ಬರ್ದಿದ್ದೀಯಲ್ಲ. ನಿನ್ ಅಳತೆ ಕೋಲು ತಗಂಡು ಅಳೆ. ಎಷ್ಟೈತೋ ಅಷ್ಟು ಬರಿ.”

ಹಾಲ್ಪಿನ್ ಬಗ್ಗಿ ನೋಡಿದ. ಚಾಕುವಿನ ಗೀರುಗಳನ್ನು ಕಂಡ. ಹೊರಗೆ ಕೂತಿದ್ದವನನ್ನೂ ಕಿಟಕಿಯಿಂದ ಕಂಡ. ಒಂದು ಗಳಿಗೆ ಅವನ ಮುಖ ಸಣ್ಣಗಾಯಿತು. ಆಮೇಲೆ ಸಾವಕಾಶವಾಗಿ ಎದ್ದು ಒಲೆಯ ಬಾಯಿ ತೆರೆದು ಎರಡು ದಪ್ಪ ಕಟ್ಟಿಗೆ ತುರುಕಿದ.

“ಅಳೀತೀನಂತೆ, ಏನವಸರ? ಕಾಗದ ಒಯ್ಯೋ ವಿಮಾನಕ್ಕಿನ್ನೂ ಎರಡು ಗಂಟೆ ಇದೆ. ಕೂತ್ಕೋಮ್ಮ. ಟೀ ಕುಡೀತೀಯಾ?”

ಒಲೆ ಭುಗಿಲೆಂದಿತು. ಮಂಜುಗಡ್ಡೆಯ ಮೂಲೆಯಿಂದ ನೀರು ಹಲಗೆಯ ಮೇಲೆ ಇಳಿಯತೊಡಗಿತು. ಚಾಕುವಿನ ಗೀರುಗಳು ನುಣ್ಣಗಾಗುತ್ತಿದ್ದವು.

“ಬೋಳಿಮಗನೆ!” ಮಾರಿಯಸ್ ಮುಷ್ಟಿ ಬಿಗಿದು ನುಗ್ಗಿದ.

“ಅವನ ಮೈ ಮುಟ್ಬ್ಯಾಡ ಕಣ್ಲಾ. ಬಾಗ್ಲಾಕು.”

ಫಿಲೋಮೆನ್ ಮೂಲೆಯಲ್ಲಿದ್ದ ಕುಡಿಯುವ ನೀರಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಒಲೆಯ ಬಾಯಿಗೆ ಸುರಿದಳು. ಕೋಣೆಯ ತುಂಬ ಹಬೆ, ಬೂದಿ. ಸಾಹೇಬ ಕೆಮ್ಮುತ್ತಾ ಪೊಲೀಸು ಪೊಲೀಸು ಎಂದು ಕಿರುಚುತ್ತಿದ್ದಾಗ ಅವಳು ಬಾಗಿಲ ಬಳಿ ಒರಗಿಸಿದ್ದ ಹಾರೆ ತೆಗೆದುಕೊಂಡು ಒಂದನೆಯ ಕಿಟಕಿಯ ಗಾಜು ಪುಡಿ ಮಾಡಿದಳು. ಎರಡನೆಯದನ್ನೂ ಮಾಡಿದಳು. ನಾಲ್ಕೂ ಕಿಟಕಿ ಮುಗಿಸಿಯೇ ನಿಂತಳು. ಸರೋವರದ ಮೇಲಿನ ಗಾಳಿ ಒಳಗೆ ನುಗ್ಗಿ ಭೂಪಟವನ್ನು ಗೋಡೆಯಿಂದ ಕಿತ್ತುಹಾಕಿತು. ಹಲಗೆಯ ಮೇಲೆ ಹರಿದಿದ್ದ ನೀರು ನೋಡನೋಡುತ್ತಲೇ ಬೆಳ್ಳಗೆ ಹೆಪ್ಪುಗಟ್ಟಿತು. ಒಂದೇ ಅಂಗಿಯಲ್ಲಿದ್ದ ಹಾಲ್ಪಿನ್ ಬಾಗಿಲಿಗೆ ಓಡಿದ. ಮಾರಿಯಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ಮಾರಿಯಸ್, ನಿನ್ನ ಕೆಲಸ ಹೋಗುತ್ತೆ ನೋಡು!”

“ಹೋಗ್ಲಿ.”

ಫಿಲೋಮೆನ್ ಅಳತೆ ಕೋಲನ್ನು ತಂದು ಸಾಹೇಬನ ಕೈಗೆ ಕೊಟ್ಟಳು.

“ಇನ್ನು ಕರಗಾಕಿಲ್ಲ. ಅಳೆ.”

ಅವನ ಹಲ್ಲು ಕಟಕಟಿಸುತ್ತಿದ್ದವು. ಬೆರಳುಗಳ ತುದಿಗಳು ಆಗಲೇ ಬಿಳುಪೇರಿದ್ದವು. ಕೋಲು ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿ ಮತ್ತೆ ಅವನ ಕೈಗೇ ಇಟ್ಟಳು.