ಓನರಮ್ಮನ ಪಾತ್ರದಲ್ಲಿ

ಆ ಹೆಸರಾಂತ ಕಥೆಗಳ ಪತ್ತೇದಾರನ ಬಗ್ಗೆ ಬರೆಯುವವರಿಗೇನೂ ಬರವಿಲ್ಲ. ಅವನ ಟೊಪ್ಪಿಯ ಸುತ್ತಳತೆ ಎಷ್ಟು, ಅವನು ಯಾವ ಕೈಯಲ್ಲಿ ಬೆಂಕಿಕಡ್ಡಿ ಗೀರುತ್ತಾನೆ ಎಂಬುದರ ಮೇಲೂ ಲೇಖನಗಳಿವೆ. ಆದರೆ ಅವನು ಬಾಡಿಗೆಗಿದ್ದ ಮನೆಯ ಒಡತಿ, ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಅವನ ಕೋಣೆಗೆ ಕಾಫಿ ಮುಟ್ಟಿಸಿದ ಆ ಹೆಂಗಸಿನ ಬಗ್ಗೆ ಯಾರೂ ಒಂದು ಸಾಲು ಬರೆದಿರಲಿಲ್ಲ. ಕಥೆಗಳಲ್ಲಿ ಅವಳಿಗೊಂದು ಹೆಸರೂ ಇಲ್ಲ. ಪತ್ತೇದಾರ ಅವಳನ್ನು ಓನರಮ್ಮ ಎಂದು ಕರೆಯುತ್ತಿದ್ದ, ಓದುಗರೂ ಹಾಗೆಯೇ ಕರೆದರು.

ಕೊನೆಗೂ ಅವಳ ಬೆನ್ನು ಹತ್ತಿದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ರೇಡಿಯೋ, ನಾಟಕ, ಟಿವಿ, ಸಿನಿಮಾ, ಎಲ್ಲೆಲ್ಲಿ ಯಾರ್ಯಾರು ಓನರಮ್ಮನ ಪಾತ್ರ ಮಾಡಿದ್ದಾರೋ ಅವರನ್ನೆಲ್ಲ ಪಟ್ಟಿ ಮಾಡಿ ಒಂದು ಸಣ್ಣ ಪುಸ್ತಕ ತರುವ ಹುಚ್ಚು ಅವರಿಗೆ ಹಿಡಿದಿತ್ತು. ನಮ್ಮ ಮನೆಗೆ ಬರುವ ಹೊತ್ತಿಗೆ ಪಟ್ಟಿ ಒಂಬತ್ತಕ್ಕೆ ಮುಟ್ಟಿತ್ತು. ಆ ಒಂಬತ್ತರಲ್ಲಿ ಇಬ್ಬರು ನಮ್ಮ ಮನೆಯವರೇ. ರೇಡಿಯೋದ ಓನರಮ್ಮ ನನ್ನ ಅಕ್ಕ, ಟಿವಿಯ ಓನರಮ್ಮ ನಾನು.

ಉಳಿದವರ ಬಗ್ಗೆ ಮೇಷ್ಟ್ರು ಹೇಳುವುದನ್ನು ಕೇಳುತ್ತಾ ನಾನು ನಕ್ಕು ನಕ್ಕು ಸುಸ್ತಾದೆ. ನಾಟಕದಲ್ಲಿ ಆ ಪಾತ್ರ ಮಾಡಿದವನು ವೃತ್ತಿಯಿಂದ ದರ್ಜಿ. ಮೀಸೆ ತೆಗೆಯಲು ಒಪ್ಪದ ಗಂಡಸು. ಹಾಗಾಗಿ ಆ ನಾಟಕದ ಓನರಮ್ಮನಿಗೆ ಮೂರು ಅಂಕವೂ ನೆಗಡಿ, ಮೂಗಿನ ಕೆಳಗಿಂದ ಕರವಸ್ತ್ರ ತೆಗೆದದ್ದೇ ಇಲ್ಲ. ಸಿನಿಮಾದ ಓನರಮ್ಮ ಎರಡನೇ ದೃಶ್ಯದಲ್ಲೇ ಕೊಲೆಯಾಗುತ್ತಾಳೆ. ಆಕೆಗಿದ್ದ ಮಾತು ಒಂದೇ, "ಯಾರದು?" ಒಂದು ಬೀಗದ ಜಾಹೀರಾತಿನಲ್ಲೂ ಓನರಮ್ಮ ಬಂದುಹೋಗಿದ್ದಾಳಂತೆ. ಈಗ ಫೋನಿನಲ್ಲಿ ಕೇಳುವ ಕಥೆಗಳಲ್ಲಿ ಅವಳಿಗೆ ಕಂಪ್ಯೂಟರಿನ ದನಿ. ಅದನ್ನು ನಟಿ ಎಂದು ಎಣಿಸಬೇಕೋ ಬೇಡವೋ ಎಂದು ಮೇಷ್ಟ್ರು ಎರಡು ವಾರ ನಿದ್ದೆಗೆಟ್ಟಿದ್ದರು.

ನಾನು ಮಾತನಾಡುತ್ತಿದ್ದೆ. ಅಕ್ಕ ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವಳ ಮಡಿಲಲ್ಲಿ ಒಂದು ಸ್ಲೇಟು ಇರುತ್ತದೆ. ಮೊದಲಿಂದಲೂ ಕಡಿಮೆ ಮಾತಿನವಳು, ಈಗ ಬಳಪ ಸವೆಯುತ್ತದೆಂದು ಇನ್ನೂ ಕಡಿಮೆ. ಬೇಕಾದದ್ದನ್ನು ಬರೆಯುತ್ತಾಳೆ, ಸಿಟ್ಟು ಬಂದರೆ ಪಾತ್ರೆ ಕುಟ್ಟುತ್ತಾಳೆ. ಎಪ್ಪತ್ತಾರು ವಯಸ್ಸಿನಲ್ಲೂ ನನ್ನ ಮೇಲೆ ಅಕ್ಕನ ದರ್ಬಾರು ನಡೆಸುವುದಕ್ಕೆ ಅಷ್ಟು ಸಾಕಾಗಿದೆ.

ಅಕ್ಕ ಹತ್ತೊಂಬತ್ತು ವರ್ಷ ರೇಡಿಯೋದಲ್ಲಿ ಓನರಮ್ಮ ಆಗಿದ್ದಳು. ಅವಳ ದನಿ ಬಂದರೆ ಅಂಗಡಿಯವರು ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸುತ್ತಿದ್ದರು. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಿಲಯದವರು ಒಂದೇ ಟೇಪನ್ನು ಅಳಿಸಿ ಅಳಿಸಿ ಬಳಸುತ್ತಿದ್ದ ಕಾಲ ಅದು. ಅಕ್ಕನ ಹತ್ತೊಂಬತ್ತು ವರ್ಷದ ಮೇಲೆ ಈಗ ಯಾರೋ ಕೋಳಿ ಸಾಕಣೆಯ ಬಗ್ಗೆ ಮಾತನಾಡುತ್ತಿದ್ದಾರೆ. ಒಂದು ಕಂತೂ ಉಳಿದಿಲ್ಲ ಎಂದು ಮೇಷ್ಟ್ರೇ ಹೋಗಿ ವಿಚಾರಿಸಿಕೊಂಡು ಬಂದಿದ್ದರು.

ಟಿವಿಯವರು ಅದೇ ಕಥೆಗಳನ್ನು ತೆಗೆಯಲು ಹೊರಟಾಗ ಮೊದಲು ಅಕ್ಕನನ್ನೇ ಕರೆಸಿದರು. ಅಕ್ಕ ಎತ್ತರದ ಹೆಂಗಸು, ಸಣಕಲು ಮೈ, ಉದ್ದ ಮುಖ. ನಿರ್ಮಾಪಕ ಅವಳನ್ನು ಮೇಲಿಂದ ಕೆಳಗೆ ನೋಡಿ ಪೆಚ್ಚಾದನಂತೆ. ಓನರಮ್ಮ ಅಂದರೆ ದುಂಡಗಿರಬೇಕು ಎಂದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿತ್ತು. ಅಕ್ಕನ ಜೊತೆ ಹೋಗಿದ್ದ ನಾನು ದುಂಡಗಿದ್ದೆ. ನಾಟಕಗಳಲ್ಲಿ ನೆರೆಮನೆಯವಳು, ನರ್ಸು, ಇಂಥವನ್ನು ಮಾಡಿಕೊಂಡಿದ್ದೆ. ಆದರೆ ನನ್ನ ದನಿ ಕೀರಲು. ಕೊನೆಗೆ ಅವರು ಮುಖ ನನ್ನದು, ದನಿ ಅಕ್ಕನದು ಎಂದು ಹೊಂದಿಸಿಕೊಂಡರು. ನಾನು ನಟಿಸುತ್ತಿದ್ದೆ, ಮರುವಾರ ಅಕ್ಕ ಮೂರನೇ ಮಹಡಿಯ ಡಬ್ಬಿಂಗ್ ಕೋಣೆಗೆ ಹೋಗಿ ಪರದೆಯ ಮೇಲೆ ಆಡುವ ನನ್ನ ತುಟಿ ನೋಡಿಕೊಂಡು ಮಾತು ತುಂಬುತ್ತಿದ್ದಳು. ಒಂದು ವರ್ಷ, ಐವತ್ತೆರಡು ಕಂತು. ಹೆಸರುಗಳ ಪಟ್ಟಿಯಲ್ಲಿ ನನ್ನ ಹೆಸರೊಂದೇ ಬರುತ್ತಿತ್ತು. ಡಬ್ಬಿಂಗಿನವರ ಹೆಸರು ಹಾಕುವ ಪದ್ಧತಿ ಆಗ ಇರಲಿಲ್ಲ. ರೇಡಿಯೋದಲ್ಲಿ ಕೇಳಿದ ದನಿಯೇ ಇದು ಎಂದವರಿಗೆ, ಅಕ್ಕತಂಗಿಯರಲ್ಲವೇ, ದನಿ ಒಂದೇ ಥರ ಎಂದುಬಿಡುತ್ತಿದ್ದರು.

ಆ ವರ್ಷ ನನಗೆ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ಓದಿದ ಪತ್ರದಲ್ಲಿ "ವಿಶೇಷವಾಗಿ ಆ ಅಪರೂಪದ ದನಿಗಾಗಿ" ಎಂಬ ಮಾತಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ನನಗೆ ಮೈಯೆಲ್ಲ ಉರಿಯಿತು. ಬೀದಿಯಲ್ಲಿ ಜನ ತಡೆದು ಒಂದು ಮಾತಾಡಿ ಅಂದರೆ, ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಎಷ್ಟು ದಿನ ಗಂಟಲು ಕೆಡಲು ಸಾಧ್ಯ? ಬಚ್ಚಲಿನ ಬಾಗಿಲು ಹಾಕಿಕೊಂಡು ಅಕ್ಕನಂತೆ ಮಾತನಾಡುವುದನ್ನು ಕಲಿತೆ. ಸುಮಾರಾಗಿ ಬಂತು. ಆಮೇಲೆ ನಿರ್ಮಾಪಕನ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಒಂದು ಸುಳ್ಳು ಹೇಳಿದೆ. ಮನೆಗೆ ಬಂದು ಅಕ್ಕನಿಗೆ ಇನ್ನೊಂದು ಹೇಳಿದೆ, ಅವರಿಗೆ ಹೊಸ ದನಿ ಬೇಕಂತೆ ಎಂದು. ಐವತ್ತಮೂರನೇ ಕಂತಿನಿಂದ ಮುಖವೂ ನಾನೇ, ದನಿಯೂ ನಾನೇ. ಹತ್ತು ವರ್ಷ ಎಳೆದೆ.

ಅಂದರೆ ಈ ಭೂಮಿಯ ಮೇಲೆ ಅಕ್ಕನ ದನಿ ಉಳಿದಿರುವುದು ಆ ಐವತ್ತೆರಡು ಕಂತುಗಳಲ್ಲಿ ಮಾತ್ರ. ಅಲ್ಲಿ ಅದು ನನ್ನ ಬಾಯಿಂದ ಬರುತ್ತದೆ, ನನ್ನ ಹೆಸರಿನಲ್ಲಿದೆ. ಮೇಷ್ಟ್ರ ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುವುದಿತ್ತು. ಒಮ್ಮೆ ಅಚ್ಚಾದರೆ ಅದು ಹಾಗೇ ಉಳಿದುಬಿಡುತ್ತದೆ. ಸರಿಮಾಡಲು ಒಂದು ವಾಕ್ಯ ಸಾಕಿತ್ತು. ನನಗೆ ಅದು ಗೊತ್ತಿತ್ತು, ಬೆಳಗ್ಗೆ ಮೇಷ್ಟ್ರು ಬಾಗಿಲು ತಟ್ಟಿದಾಗಲೇ ಗೊತ್ತಿತ್ತು.

ಕಾಫಿ ಮುಗಿಸಿದ ಮೇಲೆ ಮೇಷ್ಟ್ರು ಲ್ಯಾಪ್‌ಟಾಪ್ ತೆರೆದರು. ಯಾರೋ ಸಂಗ್ರಾಹಕರಿಂದ ಹಳೆಯ ಕಂತುಗಳನ್ನು ಕಾಡಿ ಬೇಡಿ ತಂದಿದ್ದರು.

"ಮೇಡಂ, ಒಂದು ಅನುಮಾನ. ಏಳನೇ ಕಂತು, ಹದಿನಾಲ್ಕನೇ ನಿಮಿಷ. ನೀವು ಬಾಗಿಲ ಕಡೆಗೆ ಬರ್ತೀರಿ, ಕ್ಯಾಮೆರಾ ಬಾಗಿಲಲ್ಲೇ ಇದೆ. ಮುಖ ಹತ್ತಿರ ಹತ್ತಿರ ಬರುತ್ತೆ. ದನಿ ನೋಡಿದ್ರೆ ದೂರ ದೂರ ಹೋಗುತ್ತೆ. ಇದು ಯಾವ ಲೆಕ್ಕ ಅಂತ ನಂಗೆ ಹೊಳೀತಿಲ್ಲ."

ಗುಂಡಿ ಒತ್ತಿದರು. ಮೂವತ್ತು ವರ್ಷದ ಹಿಂದಿನ ನನ್ನ ದುಂಡು ಮುಖ ಪರದೆ ತುಂಬಿತು. "ಕಾಫಿ ಆರ್ಹೋಗುತ್ತೆ ಸಾರ್, ಕೊಲೆ ಎಲ್ಲೂ ಓಡ್ಹೋಗಲ್ಲ. ಮೊದ್ಲು ಕುಡೀರಿ," ಎಂದಿತು ಅಕ್ಕನ ದನಿ, ಹೇಳುತ್ತ ಹೇಳುತ್ತ ಇನ್ನೊಂದು ಕೋಣೆಗೆ ಹೋದಹಾಗೆ ಸಣ್ಣಗಾಯಿತು.

ಕಿಟಕಿಯ ಹತ್ತಿರ ಬಟಾಣಿ ಸುಲಿಯುವ ಸದ್ದು ನಿಂತಿತು. ಆಪರೇಷನ್ ಆದ ಮೇಲೆ ಅಕ್ಕ ತನ್ನ ದನಿ ಕೇಳಿದ್ದು ಅದೇ ಮೊದಲು. ಅವಳ ಕಡೆ ತಿರುಗಿ ನೋಡಲಿಲ್ಲ, ಧೈರ್ಯ ಬರಲಿಲ್ಲ.

ಮೇಷ್ಟ್ರ ಲೆಕ್ಕಕ್ಕೆ ಉತ್ತರ ನನಗೆ ಗೊತ್ತಿತ್ತು. ರೇಡಿಯೋದಲ್ಲಿ ಪಾತ್ರ ಬಾಗಿಲ ಕಡೆ ಹೋದರೆ ನಟಿ ಹೋಗುವುದಿಲ್ಲ. ಹೋದರೆ ಹೆಜ್ಜೆ ಸದ್ದು ಮೈಕಿಗೆ ಬಡಿಯುತ್ತದೆ. ನಿಂತಲ್ಲೇ ನಿಂತು, ಮಾತನಾಡುತ್ತಲೇ ಮುಖವನ್ನು ನಿಧಾನವಾಗಿ ಮೈಕಿನಿಂದ ಆಚೆ ತಿರುಗಿಸಬೇಕು. ಕೇಳುವವರಿಗೆ ಹೆಂಗಸು ನಡೆದು ಹೋದಳು ಅನ್ನಿಸುತ್ತದೆ. ಏಳನೇ ಕಂತಿನ ಹಾಳೆಯಲ್ಲಿ "ಬಾಗಿಲ ಕಡೆ ಹೋಗುತ್ತಾ" ಎಂದು ಬರೆದಿತ್ತು. ಅಕ್ಕನ ಕಣ್ಣು ಪರದೆಯ ಮೇಲಿದ್ದರೂ ಕತ್ತು ಹತ್ತೊಂಬತ್ತು ವರ್ಷದ ಅಭ್ಯಾಸ ಬಿಡಲಿಲ್ಲ. ರೇಡಿಯೋದವರು ಬಿಟ್ಟರೆ ಬೇರೆ ಯಾರೂ ಮಾಡಲಾಗದ ತಪ್ಪು ಅದು. ಮತ್ತೆ ಮಾಡಿಸೋಣವೆಂದರೆ ಕಂತು ಅದೇ ಸಂಜೆ ಪ್ರಸಾರಕ್ಕೆ ಹೋಗಬೇಕಿತ್ತು.

"ಅದಾ? ಸೌಂಡಿನವರ ಎಡವಟ್ಟು," ಎಂದೆ. "ಗುಂಡಿ ತಿರುಗಿಸೋವಾಗ ಏನೋ ಮಾಡ್ಕೊಂಡ್ರು. ಅವರಿಗೆ ಆಗಾಗ ಹಾಗಾಗ್ತಿತ್ತು."

ಸೌಂಡಿನವರು ತೀರಿಕೊಂಡು ಹನ್ನೆರಡು ವರ್ಷ. ಬಂದು ಇಲ್ಲ ಅನ್ನುವವರಲ್ಲ. ಮೇಷ್ಟ್ರಿಗೆ ಖುಷಿಯಾಯಿತು. ಪುಸ್ತಕದ ಕೊನೆಗೆ "ಕಣ್ತಪ್ಪುಗಳು" ಎಂದೊಂದು ಅಧ್ಯಾಯ ಇಟ್ಟಿದ್ದೇನೆ, ಅದರಲ್ಲಿ ಸೇರಿಸುತ್ತೇನೆ ಎಂದು ಸೌಂಡಿನವರ ಪೂರ್ತಿ ಹೆಸರು ಕೇಳಿದರು. ನಾನು ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಬಟಾಣಿಯ ಪಾತ್ರೆ ಎರಡು ಸಲ ಕುಟ್ಟಿದ ಸದ್ದಾಯಿತು. ಅಕ್ಕ ಸ್ಲೇಟನ್ನು ಮೇಷ್ಟ್ರ ಕಡೆ ತಿರುಗಿಸಿ ಹಿಡಿದಿದ್ದಳು.

"ಅವರ ತಪ್ಪಲ್ಲ. ಮುಖ ತಿರುಗಿಸಿದ್ದು ನಾನು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಪರದೆಯ ಮೇಲಿನ ಮುಖ ನೋಡಿದರು, ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಪ್ರಶಸ್ತಿ ಬಂದಾಗ ಅದು ನನ್ನದು ಎನ್ನದವಳು, ಬೀದಿಯಲ್ಲಿ ಜನ ನನ್ನ ಕಾಲಿಗೆ ಬಿದ್ದಾಗ ಪಕ್ಕದಲ್ಲಿ ಚೀಲ ಹಿಡಿದು ನಿಂತವಳು, ಸತ್ತ ಮನುಷ್ಯನ ತಲೆಗೆ ತನ್ನ ತಪ್ಪು ಕಟ್ಟಿದ್ದನ್ನು ಸಹಿಸಲಿಲ್ಲ.

"ಮೇಷ್ಟ್ರೇ, ಆ ದನಿ ನಂದಲ್ಲ," ಎಂದೆ. "ಅಕ್ಕಂದು. ಅದೊಂದು ಕಂತಲ್ಲ, ಐವತ್ತೆರಡೂ. ನಾನು ಬರೀ ತುಟಿ ಆಡಿಸಿದ್ದು."

"ಮತ್ತೆ ಆ ಪ್ರಶಸ್ತಿ?"

"ಅದೂ ಅವಳದೇ. ಬರ್ಕೊಳ್ಳಿ."

ಮೇಷ್ಟ್ರು ಬೈಯಲಿಲ್ಲ. ಅವರ ಸಂಕಟವೇ ಬೇರೆ. ಒಬ್ಬರೇ ಎರಡು ಕಡೆ ಬಂದರೆ ಒಟ್ಟು ಒಂಬತ್ತೋ ಹತ್ತೋ ಎಂದು ಪೆನ್ನು ಕಚ್ಚಿಕೊಂಡು ಕೂತರು. ಕೊನೆಗೆ ಟಿವಿಯ ಕೆಳಗೆ ಎರಡು ಗೆರೆ ಎಳೆದು, ಮುಖ, ದನಿ ಎಂದು ಬೇರೆ ಬೇರೆ ಬರೆದು, ದನಿಯ ಎದುರು ಅಕ್ಕನ ಹೆಸರನ್ನು ದುಂಡಗೆ ತುಂಬಿದರು. ನಾನು ಒಳಗೊಳಗೇ ಹಗುರಾದೆ. ಇಷ್ಟೇ ತಾನೇ, ಮುಗಿಯಿತಲ್ಲ ಅಂದುಕೊಂಡೆ. ಮೇಷ್ಟ್ರು ಗಣಿತದವರು ಎಂಬುದು ಮರೆತಿತ್ತು. ಉತ್ತರ ಸರಿಯಿದ್ದರೂ ನಡುವಿನ ಹಂತ ಬಿಟ್ಟರೆ ಅವರು ಅಂಕ ಕೊಡುವುದಿಲ್ಲ.

"ಸರಿ. ಐವತ್ತಮೂರರಿಂದ ನಿಮ್ಮಕ್ಕನವರು ಯಾಕೆ ಬಿಟ್ರು?" ಎಂದು ಕೇಳಿದರು.

ಅಷ್ಟು ಹೊತ್ತು ಒಪ್ಪಿಕೊಂಡದ್ದು ಪದ್ಧತಿಯ ತಪ್ಪು, ಟಿವಿಯವರ ತಪ್ಪು ಎಂದು ಹೇಳಿಬಿಡಬಹುದಿತ್ತು. ಇದು ನಾನು ಅಕ್ಕನಿಗೆ ಮಾಡಿದ್ದು. ಅದನ್ನು ಅಕ್ಕನ ಎದುರೇ, ಪೆನ್ನು ಹಿಡಿದವರ ಮುಂದೆ ಹೇಳಬೇಕಿತ್ತು. ಹೇಳುತ್ತಿದ್ದೆನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸ್ಲೇಟು ಒರೆಸಿ ಬರೆದು ತೋರಿಸಿದಳು.

"ಮೊಣಕಾಲು ನೋವು. ಮೂರು ಮಹಡಿ ಹತ್ತೋಕೆ ಆಗ್ತಿರಲಿಲ್ಲ."

ಮೇಷ್ಟ್ರು ಪಾಪ ಎಂದು ಅದನ್ನೂ ಬರೆದುಕೊಂಡರು. ಇನ್ನೆರಡು ಕಂತು ತೋರಿಸಿ, ಅಕ್ಕನಿಗೆ ಎಲ್ಲ ಕಂತುಗಳ ಪ್ರತಿ ಕಳಿಸುತ್ತೇನೆಂದು ಹೇಳಿ, ಕೈಮುಗಿದು ಹೊರಟರು. ನಾನು ಬಾಗಿಲು ಹಾಕಿ ಬಂದು ಅಕ್ಕನ ಎದುರು ಕೂತೆ.

ಅಕ್ಕನಿಗೆ ಆಗಲಿ ಈಗಾಗಲಿ ಮೊಣಕಾಲು ನೋವಿಲ್ಲ. ಆ ಮೂರು ಮಹಡಿಯನ್ನು ಅವಳು ನನಗಿಂತ ಮೊದಲು ಹತ್ತುತ್ತಿದ್ದಳು. ಮೊಣಕಾಲು ನೋವು ಎಂಬುದು ನಾನು ನಿರ್ಮಾಪಕನ ಕೋಣೆಯಲ್ಲಿ, ಬಾಗಿಲು ಮುಚ್ಚಿ ಹೇಳಿದ ಸುಳ್ಳು. ಅಕ್ಕನಿಗೆ ಹತ್ತೋಕಾಗಲ್ಲ, ಪಾಪ ಬಾಯಿಬಿಟ್ಟು ಹೇಳಲ್ಲ, ನೀವೇ ಬಿಡಿಸಿಬಿಡಿ ಎಂದಿದ್ದೆ. ಆ ಮಾತನ್ನು ನಾನು ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

ಅವಳು ಬರೆದಳು. "ಮಾರನೇ ವಾರ. ನಿರ್ಮಾಪಕರ ಹೆಂಡ್ತಿ ಬಂದಿದ್ರು. ಮೊಣಕಾಲಿಗೆ ಎಣ್ಣೆ ತಂದಿದ್ರು. ನೀನು ಶೂಟಿಂಗಿಗೆ ಹೋಗಿದ್ದೆ."

"ನೀನೇನಂದೆ?"

"ಹಚ್ಕೊಂಡೆ. ಅವರ ಎದುರಿಗೇ ಹಚ್ಕೊಂಡೆ. ಕುಂಟಿಕೊಂಡು ಹೋಗಿ ಕಾಫಿ ತಂದೆ."

ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ಒಂದೇ ಒಲೆ, ಈಚೆಗೆ ಎದುರು ಬದುರು ಮಂಚ. ಅವಳ ಗಂಡ ತೀರಿಕೊಂಡದ್ದು, ನನ್ನ ಮಗಳ ಮದುವೆಯಾದದ್ದು, ಅವಳ ಆಪರೇಷನ್, ಎಲ್ಲ ಆ ಎಣ್ಣೆಯ ನಂತರವೇ. ಜಗಳವಾಡಿದಾಗ ಕೂಡ ಅವಳು ಅದನ್ನು ಎತ್ತಿ ಆಡಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ದನಿ ಇತ್ತಲ್ಲ ಆಗ. ಒಂದು ಮಾತು ಕೇಳ್ಬೋದಿತ್ತಲ್ಲ ಅಕ್ಕ. ಯಾಕೆ ಕೇಳ್ಲಿಲ್ಲ?"

ಅಕ್ಕ ಸ್ಲೇಟನ್ನು ಪೂರ್ತಿ ಒರೆಸಿ, ಒಂದೊಂದೇ ಅಕ್ಷರ ಬಿಡಿಸಿ ಬರೆದಳು.

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು."

ಅದು ನಿಜ. ಆಗ ನನ್ನ ಹತ್ತಿರ ಇನ್ನೂ ಎರಡು ಮೂರು ತಯಾರಿದ್ದವು.