ಇಪ್ಪತ್ತೇಳು ಜನರ ಜಾಮೀನು

ಭಾನುವಾರ ಹನ್ನೊಂದು ಗಂಟೆಗೆ ಜೈಲಿನ ಗೇಟು ತೆಗೆಯುತ್ತಿದ್ದರು. ಒಳಗೆ ಎರಡು ಕಬ್ಬಿಣದ ಜಾಲರಿ, ನಡುವೆ ಒಂದು ಮಾರು ಅಗಲದ ಜಾಗ. ಆಚೆ ಜಾಲರಿಗೆ ಗಂಡಸರು, ಈಚೆ ಜಾಲರಿಗೆ ಹೆಂಗಸರು ಮುಖ ಒತ್ತಿಕೊಂಡು ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು. ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಶರಾವತಿ ಮೊದಮೊದಲು ತಾನೂ ಕೂಗಿದಳು. ಆಮೇಲೆ ಗಂಡನ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಳು. ಹನ್ನೊಂದು ತಿಂಗಳಲ್ಲಿ ಅಷ್ಟು ಯಾರಿಗಾದರೂ ಬರುತ್ತದೆ.

ಎಂಬತ್ತೊಂದರ ಮುಂಗಾರು ಶುರುವಾದ ವಾರ ಹೊಸನಗರ ತಾಲೂಕಿನ ಕುಂಬ್ರಿಗದ್ದೆಗೆ ಫಾರೆಸ್ಟಿನವರು ಅಕೇಶಿಯಾ ಸಸಿ ತಂದು ನೆಟ್ಟಿದ್ದರು. ನೆಟ್ಟದ್ದು ಜನ ಉತ್ತು ಬಿತ್ತುತ್ತಿದ್ದ ನೆಲದಲ್ಲೇ. ಆ ಊರಿನವರೆಲ್ಲ ಅಣೆಕಟ್ಟಿನ ನೀರಿಗೆ ಮನೆ, ಗದ್ದೆ ಕಳೆದುಕೊಂಡು ಎದ್ದು ಬಂದವರು. ಹಾಗೆ ಎದ್ದು ಬಂದಾಗ ಶರಾವತಿಗೆ ಎಂಟು ವರ್ಷ. ಇಲ್ಲಿ ಕೂರಿ ಎಂದು ಸರ್ಕಾರದವರೇ ಕೈತೋರಿಸಿ ಹೋಗಿದ್ದರು. ಕಾಗದ ಮಾತ್ರ ಹದಿನೇಳು ವರ್ಷವಾದರೂ ಬಂದಿರಲಿಲ್ಲ. ಊರಿನ ಕೆಲವರು ಸಸಿ ಕಿತ್ತರು. ಮಾರನೇ ದಿನ ಎರಡು ವ್ಯಾನು ಬಂದವು. ಕಿತ್ತವರು ಯಾರು, ಕೀಳದವರು ಯಾರು ಎಂದು ನೋಡದೆ ಇಪ್ಪತ್ತೇಳು ಗಂಡಸರನ್ನು ತುಂಬಿಕೊಂಡು ಹೋದವು. ಶರಾವತಿಯ ಗಂಡ ಜಟ್ಟಿಂಗಪ್ಪ ಎತ್ತಿಗೆ ಲಾಳ ಹೊಡೆಸಿಕೊಂಡು ದಾರಿಯಲ್ಲಿ ಬರುತ್ತಿದ್ದವನು. ಅವತ್ತು ಸಂಜೆ ಎತ್ತು ಮಾತ್ರ ಮನೆಗೆ ಬಂತು.

ಜಾಮೀನು ಮೊದಲ ತಿಂಗಳಲ್ಲೇ ಮಂಜೂರಾಗಿತ್ತು. ಆದರೆ ಒಬ್ಬೊಬ್ಬನಿಗೂ ಪಹಣಿ ಇರುವ ಒಬ್ಬ ಜಮೀನುದಾರ ಬಂದು ನಿಲ್ಲಬೇಕಿತ್ತು. ಮುಳುಗಿದ ನೆಲಕ್ಕೆ ಪಹಣಿ ಇಲ್ಲ, ಕೂತ ನೆಲಕ್ಕೂ ಇಲ್ಲ. ನೆಂಟರಿಷ್ಟರದ್ದೂ ಅದೇ ಪಾಡು.

"ಕೇಸು ಸಾಬೀತಾದ್ರೂ ಆರು ತಿಂಗಳ ಮೇಲೆ ಶಿಕ್ಷೆ ಇಲ್ಲ ಶರಾವತಮ್ಮ," ಎಂದಿದ್ದರು ಸಾಗರದ ವಕೀಲ ಗಣೇಶಮೂರ್ತಿ. "ಇವರು ಆಗ್ಲೇ ಅಷ್ಟು ಕೂತಾಗಿದೆ. ವಿಚಾರಣೆಗೆ ಕರ್ಕೊಂಡು ಹೋಗೋಕೆ ಪೊಲೀಸ್ ಇಲ್ಲ ಅಂತ ಪ್ರತಿ ಸಲ ವಾಯಿದೆ ಹಾಕ್ತಾರೆ."

"ಹಂಗಾದ್ರೆ ಇವ್ರನ್ನ ಯಾರು ಕೇಳೋದು?"

"ಹೈಕೋರ್ಟಿಗೆ ಬರೀಬಹುದು. ಇಂಥವರನ್ನ ಅವರದ್ದೇ ಮುಚ್ಚಳಿಕೆ ಮೇಲೆ ಬಿಡಿ ಅಂತ ಈಗೀಗ ದೊಡ್ಡ ಕೋರ್ಟುಗಳು ಹೇಳ್ತಿದಾವೆ. ಆದ್ರೆ ಒಬ್ಬರ ಕಾಗದ ಮೂಲೆಗೆ ಬೀಳ್ತದೆ. ಒಳಗೆ ಹಿಂಗೆ ಕೂತವ್ರು ಎಷ್ಟು ಜನ, ಯಾವತ್ತಿಂದ, ಎಲ್ಲಾ ಹಾಕಿ ಬರೆದ್ರೆ ನೋಡ್ತಾರೆ."

ಶರಾವತಿ ನಾಲ್ಕನೇ ಕ್ಲಾಸು ಓದಿದವಳು. ಭಾನುವಾರ ಗೇಟು ತೆಗೆಯುವ ಮೊದಲು ಹೊರಗೆ ಕೂತ ಹೆಂಗಸರ ಹತ್ತಿರ ಹೋಗಿ, ನಿಮ್ಮವರ ಹೆಸರೇನು, ಯಾವತ್ತು ಹಿಡಿದರು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಳು. ಯಾರಿಗೂ ತಾರೀಖು ಗೊತ್ತಿರಲಿಲ್ಲ. ದೀಪಾವಳಿಗೆ ಎರಡು ದಿನ ಇತ್ತು ಅನ್ನುವರು, ಎಮ್ಮೆ ಕರು ಹಾಕಿದ ವಾರ ಅನ್ನುವರು. ಗಣೇಶಮೂರ್ತಿ ಹಳೇ ಪಂಚಾಂಗ ಇಟ್ಟುಕೊಂಡು ತಾರೀಖು ಮಾಡಿಕೊಟ್ಟರು. ಹುಲಿಕಲ್ ಘಾಟಿಯ ಕಡೆಯವನೊಬ್ಬ ಒಂದು ಮರದ ದಿಮ್ಮಿಯ ಕೇಸಿಗೆ ಎರಡು ವರ್ಷದಿಂದ ಒಳಗಿದ್ದ. ತೀರ್ಥಹಳ್ಳಿ ಕಡೆಯ ಅಣ್ಣತಮ್ಮಂದಿರು ಯಾವ ಕೇಸೆಂದು ತಿಳಿಯದೆ ಹದಿನಾಲ್ಕು ತಿಂಗಳು ಕಳೆದಿದ್ದರು. ಇಪ್ಪತ್ತೇಳಿದ್ದದ್ದು ಮೂವತ್ತೊಂಬತ್ತಾಯಿತು.

ಊರಲ್ಲಿ ನಾಲ್ಕು ಹೆಂಗಸರು ಸೇರಿದರೂ ಪೇದೆ ಬಂದು ನಿಲ್ಲುತ್ತಿದ್ದ. ಸಿಗಂದೂರಿನ ಅಮ್ಮನ ಗುಡಿಗೆ ಹೋಗುವವರನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ. ಹಾಗಾಗಿ ಒಂದು ಮಂಗಳವಾರ ಅಷ್ಟೂ ಮನೆಯ ಹೆಂಗಸರು ಹಣ್ಣುಕಾಯಿ ಹಿಡಿದು ಹೊಳೆ ದಾಟಿಸುವ ಲಾಂಚು ಹತ್ತಿದರು. ಹಿನ್ನೀರಿನ ನಡುವೆ ಶರಾವತಿ ಕಾಗದ ಓದಿ ಹೇಳಿದಳು. ಮೊದಲ ಸಹಿ ಅವಳದೇ. ಉಳಿದವರು ಹೆಬ್ಬೆಟ್ಟು ಒತ್ತಿದರು. ಎಲ್ಲರಿಗಿಂತ ಹಿರಿಯಳು ದುಗ್ಗಮ್ಮ. ಅವಳ ಒಬ್ಬನೇ ಮಗ ಸುಬ್ಬಪ್ಪ ಒಳಗಿದ್ದ. ಅವಳು ಮಸಿ ಹತ್ತಿದ ಬೆರಳನ್ನು ಎತ್ತಿ ಹೇಳಿದಳು: "ನಾವು ಒಬ್ರನ್ನ ಬಿಟ್ಟು ಒಬ್ರು ಹೋಗದು ಬ್ಯಾಡ. ಬಂದ್ರೆ ಎಲ್ರೂ ಬರ್ಲಿ."

"ಹಂಗೇ ಆಗ್ಲಿ ದುಗ್ಗಕ್ಕ," ಎಂದಳು ಶರಾವತಿ.

ಕಾಗದ ಬೆಂಗಳೂರಿಗೆ ಹೋಯಿತು. ತಿಂಗಳಾಯಿತು, ಎರಡಾಯಿತು. ಉತ್ತರವಿಲ್ಲ. ಕಾಯುತ್ತಾ ಕೂರಲಾರದೆ ಅವಳು ಜಾಮೀನಿಗೆ ಜನ ಹುಡುಕಿಕೊಂಡು ತೀರ್ಥಹಳ್ಳಿಗೂ ಹೋದಳು. ಅಲ್ಲಿ ಮಂಜಯ್ಯ ಎಂಬವರ ತೋಟದಲ್ಲಿ ಅವಳ ತಾಯಿ ಹಿಂದೆ ಕೆಲಸ ಮಾಡಿದ್ದಳು. ಮಂಜಯ್ಯ ಕೂರಿಸಿ ಕಾಫಿ ಕೊಡಿಸಿದರು, ಪೂರ್ತಿ ಕೇಳಿದರು.

"ಇಪ್ಪತ್ತೇಳು ಜನಕ್ಕೆ ಯಾರು ನಿಲ್ತಾರೆ ಮಾರಾಯ್ತಿ? ಒಬ್ಬ ತಪ್ಪಿಸ್ಕೊಂಡ್ರೆ ನಾನು ಸ್ಟೇಷನ್ನಿಗೆ ಅಲೀಬೇಕು. ನಿನ್ನ ಗಂಡನಿಗೆ ನಿಲ್ತೀನಿ. ನಿನ್ನ ಅಮ್ಮನ ಮುಖ ನೋಡಿ. ಸೋಮವಾರ ಪಹಣಿ ತಗೊಂಡು ಬರ್ತೀನಿ."

ಸೋಮವಾರ ಎಂದರೆ ನಾಲ್ಕು ದಿನ. "ಯೋಚ್ನೆ ಮಾಡಿ ಹೇಳ್ತೀನಿ ಒಡೇರೆ," ಎಂದು ಶರಾವತಿ ಎದ್ದಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಮೊದಲ ಸಹಿ ಹಾಕಿದವಳ ಗಂಡ ಮೊದಲು ಹೊರಗೆ ಬಂದರೆ ಭಾನುವಾರ ಆ ಗೇಟಿನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಅವನು ಬರದಿದ್ದರೆ? ಹೋದ ವಾರ ಕೆಮ್ಮಿ ಕೆಮ್ಮಿ ಜಾಲರಿ ಹಿಡಿದು ಬಗ್ಗಿದ್ದ. ಒಪ್ಪಿದರೂ ತಪ್ಪು, ಬಿಟ್ಟರೂ ತಪ್ಪು. ಶನಿವಾರ ಬೇಡ ಎಂದು ಹೇಳಿಕಳಿಸಿದಳು. ವಿಷಯ ಹೇಳಿದ್ದು ದುಗ್ಗಮ್ಮನಿಗೆ ಮಾತ್ರ. ಗಂಡನಿಗೆ ಹೇಳಲಿಲ್ಲ. ಆ ಜಾಲರಿಯ ಗದ್ದಲದಲ್ಲಿ ಇಂಥ ಮಾತು ಹೇಳುವುದು ಹೇಗೆ ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

ಬೇಸಿಗೆ ಕಳೆಯುವ ಹೊತ್ತಿಗೆ ಸರ್ಕಾರದ ಕಡೆಯಿಂದ ಮಾತು ಬಂತು. ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ಕೂತ ದಿನಗಳನ್ನೇ ಶಿಕ್ಷೆ ಎಂದು ಲೆಕ್ಕ ಹಿಡಿದು ಅವತ್ತೇ ಬಿಡುತ್ತಾರೆ. ಗಣೇಶಮೂರ್ತಿ ಆ ಕಾಗದ ಓದಿ ಕನ್ನಡಕ ತೆಗೆದರು.

"ಇದು ರಿಸರ್ವ್ ಕಾಡು, ನಾವು ಅಕ್ರಮವಾಗಿ ಹೊಕ್ಕಿದೀವಿ ಅಂತಿದೆ. ಇದಕ್ಕೆ ಸಹಿ ಹಾಕಿದವನ ಮನೆ ಆ ಜಾಗದಲ್ಲಿ ಉಳಿಯಲ್ಲ."

ಶರಾವತಿ ಮತ್ತೆ ಮನೆಮನೆಗೆ ಹೋದಳು. ಸಹಿ ಹಾಕಬೇಡಿ ಅಂತ ನಿಮ್ಮವರಿಗೆ ಹೇಳಿ, ಇನ್ನೊಂದು ಸ್ವಲ್ಪ ದಿನ ತಡೆಯಿರಿ ಅನ್ನಿ ಎಂದಳು. ಹೆಂಗಸರು ಹೂಂ ಎಂದು ತಲೆ ಆಡಿಸಿದರು. ಕೆಲವರು ಒಳಗೇ ಇದ್ದು ಬಾಗಿಲು ತೆಗೆಯಲಿಲ್ಲ.

ಆ ಭಾನುವಾರ ಜಟ್ಟಿಂಗಪ್ಪ ಜಾಲರಿಗೆ ಮುಖ ಒತ್ತಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತಿದ್ದ. ಗಡ್ಡ ಬೆಳೆದಿತ್ತು, ಕತ್ತಿನ ಮೂಳೆ ಎದ್ದಿತ್ತು.

"ಸಹಿ ಹಾಕ್ಬೇಡಿ ಮಾರಾಯ್ರೆ," ಎಂದು ಅವಳು ಕೂಗಿದಳು. "ಮನೆ ಹೋಗ್ತದೆ. ಹೈಕೋರ್ಟಿಂದ ಬರ್ತದೆ ಅಂತ ವಕೀಲ್ರು..."

"ತೀರ್ಥಳ್ಳಿ ಮಂಜಯ್ನೋರು ಜಾಮೀನಿಗೆ ಬರ್ತೀನಿ ಅಂದಿದ್ರಂತೆ. ಹೌದಾ?"

ಸುತ್ತಲೂ ಎಲ್ಲರೂ ಕೂಗುತ್ತಲೇ ಇದ್ದರು. ಅವಳಿಗೆ ಅವನ ತುಟಿ ಮಾತ್ರ ಕಾಣುತ್ತಿತ್ತು. ದುಗ್ಗಮ್ಮ ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಇಂಥವಳು ನಮ್ಮ ಜೊತೆ ಇದ್ದಾಳೆ, ಹೆದರಬೇಡ ಎಂದು ಮಗನಿಗೆ ಹೆಮ್ಮೆಯಿಂದ ಹೇಳಿದ್ದಳು. ಸುಬ್ಬಪ್ಪ ಅದನ್ನು ಅಷ್ಟೇ ಹೆಮ್ಮೆಯಿಂದ ಪಕ್ಕದಲ್ಲಿ ಮಲಗುತ್ತಿದ್ದ ಜಟ್ಟಿಂಗಪ್ಪನಿಗೆ ಹೇಳಿದ್ದ.

"ಹೌದು."

"ಯಾವಾಗ?"

"ಮಾಘದಲ್ಲಿ."

ಅವನು ಬೆರಳು ಮಡಚಿ ತಿಂಗಳು ಎಣಿಸಿದ. "ಒಳಗಿರೋನು ನಾನು. ನೀನು ಬ್ಯಾಡ ಅಂದೆ. ನನ್ನನ್ನೊಂದು ಮಾತು ಕೇಳಿದ್ಯಾ?"

"ಎಲ್ರೂ ಒಟ್ಟಿಗೆ ಅಂತ..."

"ನಾನು ಕೇಳ್ತಿರೋದು ಅದಲ್ಲ. ನನ್ನನ್ನ ಕೇಳಿದ್ಯಾ?"

ಇಲ್ಲ ಎಂದು ಅವಳು ತಲೆ ಆಡಿಸಿದಳು. ಅವನು ಹಿಂತಿರುಗಿ ಹೊರಟುಹೋದ. ಇನ್ನೂ ಹೊತ್ತಿತ್ತು. ಅವಳು ಖಾಲಿ ಜಾಲರಿಯ ಎದುರು ಗಂಟೆ ಹೊಡೆಯುವವರೆಗೆ ನಿಂತೇ ಇದ್ದಳು.

ವಿಚಾರಣೆಯ ದಿನ ಒಂಬತ್ತು ಜನ ಹೆಬ್ಬೆಟ್ಟು ಒತ್ತಿದರು. ಮೊದಲಿನವನು ಜಟ್ಟಿಂಗಪ್ಪ. ಮೂರು ಗಂಟೆಗೆ ಅವನು ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅವಳನ್ನು ನೋಡಿದ. ಸಂಜೆ ಮನೆಯಲ್ಲಿ ಅವಳು ನೀರು ಕಾಯಿಸುತ್ತಿದ್ದಾಗ ಅವನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟು ತಲೆ ತಗ್ಗಿಸಿದ. ಜೈಲಿನಲ್ಲಿ ತಲೆ ಎಣಿಸುವ ಹೊತ್ತು ಅದು. "ಬನ್ನಿ, ಸ್ನಾನ ಮಾಡಿ," ಎಂದು ಎರಡು ಸಲ ಕರೆದ ಮೇಲೆ ಎದ್ದ.

ಹದಿನೈದು ದಿನಕ್ಕೆ ಫಾರೆಸ್ಟಿನವರು ಕಾಗದ ಹಿಡಿದು ಬಂದರು. ಒಂಬತ್ತು ಮನೆ ಗುರುತು ಹಾಕಿ ಕಿತ್ತರು. ಹಂಚು ಇಳಿಸಿಕೊಳ್ಳಲು ಅರ್ಧ ದಿನ ಕೊಟ್ಟರು. ಜಟ್ಟಿಂಗಪ್ಪ ತಾನೇ ಮೇಲೆ ಹತ್ತಿ ಒಂದೊಂದೇ ಹಂಚು ಇಳಿಸಿ ಕೊಟ್ಟ, ಅವಳು ಕೆಳಗೆ ನಿಂತು ಹಿಡಿದಳು. ಒಳಗಿರುವವರ ಮನೆಯ ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದರು. ಒಬ್ಬರೂ ಹತ್ತಿರ ಬರಲಿಲ್ಲ. ಹೊಸನಗರದ ಸಾಮಿಲ್ಲಿನಲ್ಲಿ ಅವನಿಗೆ ಕೆಲಸ, ಹಿಂದಿನ ಶೆಡ್ಡಿನಲ್ಲಿ ಇರಲು ಜಾಗ ಸಿಕ್ಕಿತು.

ಮುಂದಿನ ಭಾನುವಾರ ಶರಾವತಿ ಜೈಲಿನ ಗೇಟಿಗೆ ಹೋದಳು.

"ನಿನ್ನ ಗಂಡನ್ನ ಬಿಟ್ಟಾಯ್ತಲ್ಲ, ಇನ್ಯಾರನ್ನ ನೋಡ್ತೀಯಾ?" ಎಂದ ಪೇದೆ.

"ಸುಬ್ಬಪ್ಪನ್ನ."

ಸಾಲಿನಲ್ಲಿ ಮುಂದೆ ನಿಂತಿದ್ದ ದುಗ್ಗಮ್ಮ ತಿರುಗಿ ನೋಡಲಿಲ್ಲ. "ನನ್ನ ಮಗನ್ನ ನೋಡಕ್ಕೆ ನಾನಿದೀನಿ," ಎಂದಳು ಗೋಡೆಗೆ ಹೇಳಿದ ಹಾಗೆ. ಶರಾವತಿ ಸಾಲಿನಿಂದ ಈಚೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಹೊಸದಾಗಿ ಬಂದ ಒಬ್ಬಳನ್ನು, ನಿಮ್ಮವರನ್ನು ಯಾವತ್ತು ಹಿಡಿದರು ಎಂದು ಕೇಳಿದಳು. ಮೂರು ತಿಂಗಳು ಹಾಗೇ ನಡೆಯಿತು. ತಿಂಗಳಿಗೊಮ್ಮೆ ಪಟ್ಟಿ ತಿದ್ದಿಸಿ ಗಣೇಶಮೂರ್ತಿಯವರ ಕೈಯಲ್ಲಿ ಮತ್ತೆ ಬೆಂಗಳೂರಿಗೆ ಕಳಿಸುತ್ತಿದ್ದಳು. ಮೊದಲ ಸಹಿ ಈಗಲೂ ಅವಳದೇ.

ಭಾದ್ರಪದದಲ್ಲಿ ಹೈಕೋರ್ಟಿನ ಆದೇಶ ಬಂತು. ಕುಂಬ್ರಿಗದ್ದೆಯ ಉಳಿದ ಹದಿನೆಂಟು ಜನ, ಬೇರೆ ಕೇಸಿನ ಹನ್ನೆರಡು ಜನ, ಎಲ್ಲರನ್ನೂ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಪಹಣಿ ಬೇಡ, ಜಮೀನುದಾರರೂ ಬೇಡ. ಮನೆ ಕಿತ್ತ ವಿಷಯ ಅದರಲ್ಲಿರಲಿಲ್ಲ. "ತಪ್ಪೊಪ್ಪಿದವರದ್ದು ಮುಗಿದ ಕೇಸು," ಎಂದರು ಗಣೇಶಮೂರ್ತಿ, ಅವಳ ಮುಖ ನೋಡದೆ.

ಬಿಡುಗಡೆಯ ದಿನ ಸುಬ್ಬಪ್ಪ ಹೊರಗೆ ಬಂದವನೇ ತಾಯಿಯ ಕಾಲು ಮುಟ್ಟಿ, ನೇರ ಶರಾವತಿಯ ಹತ್ತಿರ ಬಂದ. "ಜಟ್ಟಣ್ಣ ಬರ್ಲಿಲ್ವಾ ಅಕ್ಕ?" ಎಂದ. ದುಗ್ಗಮ್ಮ ಮಗನ ಹಿಂದೆಯೇ ಬಂದು, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

"ನಮ್ಮ ಕೊಟ್ಟಿಗೆ ಪಕ್ಕ ಜಾಗ ಇದೆ. ಬಂದು ಕಟ್ಕೊಳಿ."

"ಅವ್ರನ್ನ ಕೇಳ್ತೀನಿ ದುಗ್ಗಕ್ಕ."

ಅವತ್ತು ಸಂಜೆ ಅವಳು ಕೇಳಿದಳು. ಜಟ್ಟಿಂಗಪ್ಪ ಮೈಮೇಲಿನ ಮರದ ಹೊಟ್ಟನ್ನು ಪೂರ್ತಿ ಕೊಡವಿಕೊಂಡ.

"ಅಲ್ಲಿಗೆ ಬ್ಯಾಡ," ಎಂದ ಕೊನೆಗೆ. "ಒಬ್ಬೊಬ್ರ ಮುಖ ನೋಡ್ಬೇಕಾಗ್ತದೆ."

"ಆಯ್ತು. ಬ್ಯಾಡ."

ಭಾನುವಾರ ಬೆಳಿಗ್ಗೆ ಅವಳು ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಳ್ಳುವುದನ್ನು ಅವನು ನೋಡಿದ. ಹಿಂದಿನ ವಾರವಷ್ಟೇ ಇನ್ನೊಂದು ಊರಿನಿಂದ ಹದಿನಾರು ಜನರನ್ನು ತಂದು ಹಾಕಿದ್ದರು.

"ಮತ್ತೆ ಹೋಗ್ತೀಯಾ?"

"ಹೋಗ್ತೀನಿ."

ಅವನು ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ಬಸ್ಸು ಬಂದಾಗ ಚೀಲ ಎತ್ತಿ ಅವಳ ಕೈಗೆ ಕೊಟ್ಟು, "ನಂಗೆ ಆ ಗೇಟು ನೋಡಕ್ಕಾಗಲ್ಲ," ಎಂದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತುಂಬುವವರೆಗೆ ಹೊರಡುವುದಿಲ್ಲ ಎಂದು ಕಂಡಕ್ಟರ್ ಹೇಳಿದ. ಜಟ್ಟಿಂಗಪ್ಪ ಕೆಳಗೆ, ಅವಳು ಮೇಲೆ, ಇಬ್ಬರೂ ಕಾದರು.